ಮದುವೆಯೋ, ಸಾವೋ, ತೊಟ್ಟಿಲೋ

ಧೈರ್ಯ ತುಂಬುವ ಮಾತು ಬೇಕಾದವರು ಇದನ್ನು ಇಲ್ಲಿಗೇ ಬಿಟ್ಟುಬಿಡಿ. ನನ್ನ ಹತ್ತಿರ ಅದು ಇಲ್ಲ. ಗಂಟಲಿಗೆ ಕ್ಯಾನ್ಸರ್ ಬಂತು. ಕರೆಂಟು ಕೊಟ್ಟು ಸುಟ್ಟರು. ಮತ್ತೆ ಬಂತು. ಕೊಯ್ದು ತೆಗೆದರು. ಈಗ ಕುತ್ತಿಗೆಯ ಮುಂದೆ ಒಂದು ತೂತು ಇದೆ, ಅದರಲ್ಲೇ ಉಸಿರಾಡುತ್ತೇನೆ. ದನಿ ಇಲ್ಲ. ಬದುಕಿದ್ದೇನೆ. ಇದೇ ರೋಗ ಹೊತ್ತುಕೊಂಡು ಆಸ್ಪತ್ರೆಯ ಗೋಡೆ ನೋಡುತ್ತ ಕುಳಿತವರು ಯಾರಾದರೂ ಇದ್ದರೆ, ಅವರ ಪಕ್ಕದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ನಾನೂ ಕುಳಿತ ಹಾಗಾಗಲಿ ಎಂದು ಬರೆಯುತ್ತಿದ್ದೇನೆ, ಅಷ್ಟೇ.

ನಿನಗೆ ಬರೆಯಲು ಬರುತ್ತದೆಯೇ ಎಂದು ಮಗಳೇ ಕೇಳಿದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಬಸ್ಸಿನ ಬೋರ್ಡು ಓದಿದ್ದು ಬಿಟ್ಟರೆ ಅಕ್ಷರದ ಜೊತೆ ನನಗೆ ಜಗಳವೂ ಇರಲಿಲ್ಲ, ಗೆಳೆತನವೂ ಇರಲಿಲ್ಲ. ದನಿ ಹೋದ ಮೇಲೆ ಮೊಮ್ಮಗಳ ಸ್ಲೇಟು ನನಗೆ ಬಾಯಿಯಾಯಿತು. ನೀರು, ಸಾಕು, ಹೋಗು ಎಂಬಲ್ಲಿಂದ ಶುರುಮಾಡಿ ಬೈಗುಳದ ತನಕ ಬಂದೆ. ಬೈಗುಳ ಬರೆಯಲು ಬಂದವಳಿಗೆ ಏನು ಬೇಕಾದರೂ ಬರೆಯಲು ಬರುತ್ತದೆ. ತಪ್ಪಿದ ಕಡೆ ಮಗಳು ತಿದ್ದಿದ್ದಾಳೆ.

ನನ್ನ ಹೆಸರು ಹುಲಿಗೆಮ್ಮ. ಹುಟ್ಟಿದ್ದು ಸಿರುಗುಪ್ಪದ ಹತ್ತಿರ ಕೆಂಚನಗುಡ್ಡದಲ್ಲಿ, ಹೊಳೆಯ ದಂಡೆಗೆ. ಕೊಟ್ಟದ್ದು ಕುರುಗೋಡಿಗೆ. ಗಂಡ ಹೋಗಿ ಬಹಳ ವರ್ಷವಾಯಿತು. ಮಗ ಕುರುಗೋಡಿನಲ್ಲೇ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಮಾಡುತ್ತಾನೆ. ಮಗಳು ಶಾರದಾ ಬಳ್ಳಾರಿಯ ಗಾಂಧಿನಗರದಲ್ಲಿ ಬಾಡಿಗೆ ಮನೆಯಲ್ಲಿ ಇದ್ದಾಳೆ. ಕೆಂಚನಗುಡ್ಡದಲ್ಲಿ ನನ್ನ ಅಕ್ಕ ಈರಮ್ಮ. ಅವಳನ್ನು ಊರಲ್ಲೇ ಸೋದರಮಾವನಿಗೆ ಕೊಟ್ಟಿದ್ದರಿಂದ ಅವಳು ಹುಟ್ಟಿದ ಮಣ್ಣು ಬಿಡಲಿಲ್ಲ. ಅಣ್ಣ ತಮ್ಮ ಯಾರೂ ಈಗ ಉಳಿದಿಲ್ಲ. ಅವಳಿಗೆ ತವರು ಎಂದರೆ ನಾನು, ನನಗೆ ತವರು ಎಂದರೆ ಅವಳು.

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಸುಮ್ಮನೆ ಅಳುವುದಿಲ್ಲ. ಹಾಡಿಕೊಂಡು ಅಳುತ್ತಾರೆ. ಸತ್ತವರ ಹೆಸರು ಹಿಡಿದು, ಅವರು ಉಂಡದ್ದು, ಉಟ್ಟದ್ದು, ದುಡಿದದ್ದು, ಬೈದದ್ದು ಎಲ್ಲವನ್ನೂ ರಾಗದಲ್ಲಿ ಎತ್ತಿ ಎತ್ತಿ ಹೇಳಬೇಕು. ಸತ್ತವಳು ಹೆಂಗಸಾದರೆ ತವರಿನ ಸೀರೆ ಬರಬೇಕು. ಆ ಸೀರೆ ಹೊದಿಸುವಾಗ ಒಡಹುಟ್ಟಿದವಳು ಮೊದಲ ನುಡಿ ಎತ್ತಬೇಕು. ಅವಳು ಎತ್ತುವ ತನಕ ಉಳಿದವರು ಕಾಯುತ್ತಾರೆ. ಹಾಡಿಲ್ಲದೆ ಹೆಣ ಎತ್ತಿದರೆ ದಿಕ್ಕಿಲ್ಲದ ಹೆಣ ಎತ್ತಿದ ಹಾಗೆ ಎನ್ನುತ್ತಾರೆ. ಸತ್ತವರಿಗೆ ಇದು ತಿಳಿಯುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಬದುಕಿರುವವರಿಗೆ ಮಾತ್ರ ಸಾಯುವ ತನಕ ಇದೇ ಚಿಂತೆ.

ಈ ಕೆಲಸದಲ್ಲಿ ನಾನೂ ಅಕ್ಕನೂ ಗಟ್ಟಿಗರು. ಒಂದು ಸಲ ಶೇಂಗಾ ಸುಲಿಯುತ್ತ ಕುಳಿತಾಗ ಅವಳೇ ಹೇಳಿದಳು: "ನಾ ಮೊದ್ಲು ಹೋದ್ರ ನೀ ಹಾಡಬೇಕು, ನೀ ಹೋದ್ರ ನಾ ಹಾಡತೀನಿ. ಈ ಸೊಸೆಂದ್ರನ್ನ ನಂಬಿ ಸಾಯಾಕ ಆಗಂಗಿಲ್ಲ." ಒಳಗೆ ರೊಟ್ಟಿ ಬಡಿಯುತ್ತಿದ್ದ ಅವಳ ಸೊಸೆ, "ನಮಗೂ ಬಾಯಿ ಐತ್ರಿ ಅತ್ತೀ" ಎಂದಳು. "ಐತಿ ಬಿಡವ್ವಾ, ಉಣ್ಣಾಕ ಐತಿ" ಎಂದಳು ಅಕ್ಕ. ಮೂವರೂ ನಕ್ಕೆವು. ಮಾತು ಮಾತ್ರ ನಕ್ಕು ಬಿಡುವಂಥದ್ದಾಗಿರಲಿಲ್ಲ.

ರೋಗ ಮೊದಲು ತೋರಿದ್ದು ಮೋಕದಲ್ಲಿ, ನನ್ನ ನಾದಿನಿ ತೀರಿಕೊಂಡ ಮನೆಯಲ್ಲಿ. ರಾಗ ಮೇಲಕ್ಕೆ ಎತ್ತಿದಾಗ ನಡುವೆ ದನಿ ಹರಿಯಿತು, ಹಳೆಯ ಸೀರೆ ಪರ್ರೆಂದು ಹರಿದ ಹಾಗೆ. ಮತ್ತೆ ಎತ್ತಿದೆ, ಮತ್ತೆ ಹರಿಯಿತು. ಸುತ್ತ ಕುಳಿತ ಹೆಂಗಸರೆಲ್ಲ ಹೋ ಎಂದು ಅಳಲು ಶುರು ಮಾಡಿದರು. ಹೊರಗೆ ಬಂದಾಗ ನಾದಿನಿಯ ಓರಗಿತ್ತಿ ನನ್ನ ಕೈ ಹಿಡಿದಳು.

"ಏನ್ ಅಳತೀಯವ್ವಾ ಹುಲಿಗೆಮ್ಮ! ಇವತ್ತಿನಂಗ ಎಂದೂ ಅತ್ತಿರಲಿಲ್ಲ ನೋಡು. ನನ್ನ ಕರುಳು ಕಿತ್ತು ಬಾಯಿಗೆ ಬಂತು."

ನಾನೂ ಹಿಗ್ಗಿದೆ. ಸುಳ್ಳೇಕೆ ಹೇಳಲಿ. ಆಮೇಲೆ ಹೋದ ಸಾವಿನ ಮನೆಗಳಲ್ಲೆಲ್ಲ ದನಿ ಹರಿಯಿತು, ಎಲ್ಲ ಕಡೆ ಹೊಗಳಿದರು. ದುಃಖಕ್ಕೆ ಹರಿಯುತ್ತಿದೆ ಎಂದೇ ತಿಳಿದೆವು. ಗಂಟಲಿನ ಗಡ್ಡೆಯನ್ನು ನಾವೆಲ್ಲ ಸೇರಿ ಹೊಗಳಿ ಹೊಗಳಿ ಬೆಳೆಸಿದೆವು.

ಕಂಡುಹಿಡಿದವಳು ಶಾರದಾ, ಅದೂ ಫೋನಿನಲ್ಲಿ. "ಯವ್ವಾ, ಯಾರೋ ಗಂಡಸ್ರು ಎತ್ತ್ಯಾರ ಅನ್ಕಂಡೆ. ಇದೇನ್ ದನಿ ನಿಂದು?" ಎಂದಳು. ಮೆಣಸಿನ ಕಷಾಯ ಕುಡಿಯುತ್ತಿದ್ದೇನೆ ಎಂದೆ. "ಕಷಾಯ ಕುಡ್ಯಾಕ ಹತ್ತಿ ಎಷ್ಟ ದಿನಾತು?" ಎಂದು ಕೇಳಿದಳು. ನನಗೇ ನೆನಪಿರಲಿಲ್ಲ. ಮರುದಿನ ಬಂದು ಬಳ್ಳಾರಿಗೆ ಎಳೆದುಕೊಂಡು ಹೋದಳು.

ಮೂಗಿನಿಂದ ಕ್ಯಾಮೆರಾದ ಕೊಳವೆ ಇಳಿಸಿದರು. ತುಣುಕು ಕಿತ್ತು ಪರೀಕ್ಷೆಗೆ ಕಳಿಸಿದರು. ಫಲಿತಾಂಶದ ದಿನ ಮಗನೂ ಬಂದಿದ್ದ. ಡಾಕ್ಟರು ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಹೊರಗೆ ಬಂದು ಶಾರದಾ, "ಸಣ್ಣ ಗಡ್ಡಿ ಐತಂತ ಯವ್ವಾ, ಕರಗ್ತೈತಂತ" ಎಂದಳು.

"ಡಾಕ್ಟ್ರು ಅಷ್ಟ ಮಾತಾಡಿದ್ರಾಗ ನನಗ ತಿಳಿದಿದ್ದು ಒಂದ ಶಬ್ದ, ಕ್ಯಾನ್ಸರ್. ಅದನ್ನ ಮುಚ್ಚಿಡಾಕ ಹತ್ತೀಯಲ್ಲ" ಎಂದೆ.

ಅವಳು ಗೋಡೆ ಕಡೆ ತಿರುಗಿದಳು. ಮಗ ಟವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತ, ಮೋಟಾರಿಗೆ ತಂತಿ ಸುತ್ತುವ ಹಾಗೆ. ಮತ್ತೆ ಒಳಗೆ ಹೋಗಿ ಡಾಕ್ಟರನ್ನು ಅವನು ಒಂದೇ ಮಾತು ಕೇಳಿದ: "ಬದುಕ್ತಾಳೇನ್ರಿ?" ನಾನೂ ಒಂದೇ ಮಾತು ಕೇಳಿದೆ: "ದನಿ ಉಳಿತೈತೇನ್ರಿ?" ಅವನಿಗೆ ಡಾಕ್ಟರು ಉತ್ತರ ಕೊಟ್ಟರು. ನನಗೆ "ನೋಡೋಣ" ಎಂದರು. ಡಾಕ್ಟರು ನೋಡೋಣ ಎಂದರೆ ಅವರು ನೋಡಿಬಿಟ್ಟಿದ್ದಾರೆ ಎಂದು ಅರ್ಥ.

ಕರೆಂಟು, ಅಂದರೆ ರೇಡಿಯೇಷನ್, ಕೊಡುವ ಮೊದಲು ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಪ್ಲಾಸ್ಟಿಕ್ಕಿನ ಜಾಳಿಗೆಯನ್ನು ಮುಖದ ಮೇಲೆ ಒತ್ತಿ ಅಚ್ಚು ತೆಗೆಯುತ್ತಾರೆ. ದಿನಾ ಆ ಅಚ್ಚನ್ನು ಮುಖಕ್ಕೆ ಹಾಕಿ ಮಂಚಕ್ಕೆ ಬಿಗಿಯುತ್ತಾರೆ. ಕದಲುವ ಹಾಗಿಲ್ಲ, ನುಂಗುವ ಹಾಗಿಲ್ಲ. ಎಲ್ಲರೂ ಹೊರಗೆ ಹೋಗಿ ದಪ್ಪ ಬಾಗಿಲು ಹಾಕಿಕೊಳ್ಳುತ್ತಾರೆ. ನಿಮ್ಮ ಪಾಲಿಗೆ ಒಳ್ಳೆಯದಾಗುವಂಥದ್ದಾಗಿದ್ದರೆ ಅವರೇಕೆ ಓಡಿಹೋಗುತ್ತಾರೆ ಎಂದು ನಾನು ದಿನಾ ಯೋಚಿಸುತ್ತಿದ್ದೆ. ನೋವಾಗುವುದಿಲ್ಲ. ನೋವು ಆಮೇಲೆ ಮನೆಗೆ ಬರುತ್ತದೆ.

ಸರದಿಗೆ ಕಾಯುವ ಕೋಣೆಯಲ್ಲಿ ಉಕ್ಕಿನ ಕುರ್ಚಿಗಳು. ಗೋಡೆಯ ಮೇಲೆ ಟೀವಿ, ಅದಕ್ಕೂ ದನಿ ಇಲ್ಲ. ಕುಳಿತವರಲ್ಲಿ ಅರ್ಧ ಜನ ಗಂಟಲಿನವರು, ಬಾಯಿಯವರು. ಸಂತೆಯಷ್ಟು ಜನ, ಸುಡುಗಾಡಿನಷ್ಟು ಮೌನ. ಅಲ್ಲಿಯೇ ನನಗೆ ಖಾಜಾ ಸಾಬರು ಸಿಕ್ಕಿದ್ದು.

ಸಿರುಗುಪ್ಪದವರು. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ನನ್ನದೇ ವಯಸ್ಸು, ನನ್ನದೇ ರೋಗ. ನಮ್ಮ ಭಾಗದ ಎಷ್ಟು ಮದುಮಕ್ಕಳನ್ನು ಅವರು ಊದಿ ಊದಿ ಮಂಟಪಕ್ಕೆ ಮುಟ್ಟಿಸಿದ್ದಾರೋ ಲೆಕ್ಕವಿಲ್ಲ. ಈಗ ಒಂದು ಮೇಣದ ಬತ್ತಿ ಆರಿಸುವಷ್ಟು ಉಸಿರು ಅವರಲ್ಲಿರಲಿಲ್ಲ. ಕಿವಿಗೆ ವಯರು ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದರು, ಬೆರಳು ಮಾತ್ರ ತೊಡೆಯ ಮೇಲೆ ಆಡುತ್ತಿದ್ದವು.

"ಏನ್ ಕೇಳತೀರಿ ಸಾಬ್ರ, ದಿನಾ?" ಎಂದು ಕೇಳಿದೆ. ಆಗ ನನಗೆ ಇನ್ನೂ ಒಡಕು ದನಿ ಇತ್ತು.

"ನಾ ಊದಾಕ ಆಗಲ್ಲಲ್ರಿ ಅಕ್ಕಾರ, ಅದಕ್ಕ ದುನಿಯಾದಾಗ ಬ್ಯಾರೆ ಯಾರ್ ಯಾರ್ ಇದನ್ನ ಊದ್ತಾರ ಅಂತ ಫೋನ್ನಾಗ ಹುಡುಕಾಕ ಹತ್ತೀನಿ" ಎಂದರು. ಒಂದು ಕಿವಿಯದನ್ನು ತೆಗೆದು, ಅಂಗಿಗೆ ಒರೆಸಿ, ನನ್ನ ಕೈಗೆ ಕೊಟ್ಟರು. "ಇವ ಟರ್ಕಿಯಾವ. ಕೇಳ್ರಿ ಬದ್ಮಾಷ್ ಹೆಂಗ ಊದ್ತಾನ."

ಹಾಕಿಕೊಂಡೆ. ಮದುವೆಯ ಬ್ಯಾಂಡೇ ಅದು, ಆದರೆ ವಾದ್ಯ ಬಾಯಲ್ಲಿ ಊದಿದಂತಿರಲಿಲ್ಲ, ಯಾರೋ ಗಂಟಲು ಕಟ್ಟಿಕೊಂಡು ನಗುತ್ತ ಅಳುತ್ತ ಮಾತಾಡಿದಂತಿತ್ತು. ಇಷ್ಟು ವಯಸ್ಸಾಗಿದೆ, ಹಾಡು ಎಂದರೆ ನಮ್ಮ ಸೋಬಾನೆ, ಭಜನೆ, ಬಸ್ಸಿನಲ್ಲಿ ಹಾಕುವ ತೆಲುಗು ಸಿನಿಮಾದ್ದು, ಅಷ್ಟೇ ಎಂದುಕೊಂಡಿದ್ದೆ. ಬೇರೆ ದೇಶದವರೂ ಹಾಡುತ್ತಾರೆ ಎಂದು ಗೊತ್ತಿತ್ತು. ಅದು ನನ್ನ ಕಿವಿಗೂ ಬರಬಹುದು ಎಂದು ಗೊತ್ತಿರಲಿಲ್ಲ.

ಮರುದಿನದಿಂದ ಅದೇ ನಮ್ಮ ಕೆಲಸವಾಯಿತು. ಶಾರದಾಗೆ ಇರಿಸುಮುರಿಸು. "ಯವ್ವಾ, ಒಂದ ವಯರು ಇಬ್ರ ಕಿವ್ಯಾಗ. ನೋಡಿದವ್ರು ಏನಂತಾರ?"

"ಏನಂತಾರ? ಅವಗೂ ಕ್ಯಾನ್ಸರ್, ನನಗೂ ಕ್ಯಾನ್ಸರ್. ಅದು ಜಾತಿ ಕೇಳಿ ಬಂದೈತೇನು? ನೀ ಹೋಗಿ ಎಳನೀರು ತಗಂಬಾ."

ಸಾಬರು ಒಂದು ಆಟ ಕಟ್ಟಿದರು. ಹಾಡು ಎಲ್ಲಿಯದು ಎಂದು ಹೇಳದೆ ಕೇಳಿಸುವುದು. ಅದು ಮದುವೆಯದೋ, ಸಾವಿನದೋ, ತೊಟ್ಟಿಲಿನದೋ ಎಂದು ನಾನು ಹೇಳಬೇಕು. ಆಮೇಲೆ ಅವರು ಫೋನಿನಲ್ಲಿ ಬರೆದದ್ದನ್ನು ಕನ್ನಡಕ್ಕೆ ತಿರುಗಿಸಿ ಓದುತ್ತಿದ್ದರು. ನಾನು ಎಲ್ಲದಕ್ಕೂ ಸಾವು ಎನ್ನುತ್ತಿದ್ದೆ.

"ಅಕ್ಕಾರ, ಇದು ಕೂಸಿಗೆ ಹಾಡೋದ್ರಿ!"

"ಕೂಸು ಸತ್ತಿರಬೇಕು."

"ತೋಬಾ! ಮಲಗಾಕ ಹತ್ತೈತಂತರಿ ಅದು."

ಸಾಲಿನಲ್ಲಿ ಕುಳಿತವರು ಕುರ್ಚಿ ಜರುಗಿಸಿಕೊಂಡು ಬಂದರು. ಸಾಬರು ವಯರು ಕಿತ್ತು ಸಣ್ಣಗೆ ಎಲ್ಲರಿಗೂ ಕೇಳುವಂತೆ ಹಾಕತೊಡಗಿದರು. ಆಂಧ್ರದ ಕಡೆಯ ಒಬ್ಬ ಹೆಂಗಸು, ಗಂಡನನ್ನು ಕರೆತಂದವಳು, "ಕಾದಮ್ಮಾ, ಇದಿ ಪೆಳ್ಳಿ ಪಾಟೇ" ಎಂದು ನನ್ನ ಮೇಲೆ ಪಂದ್ಯ ಹಾಕುತ್ತಿದ್ದಳು. ಮದುವೆ ಹಾಡೆಂದು ಅವಳ ವಾದ, ಸಾವೆಂದು ನನ್ನದು. ಗೆದ್ದರೆ ಅವಳೇ ಗೆಲ್ಲುತ್ತಿದ್ದಳು. ಗಂಡನೂ ಬದುಕಿಬಿಡುತ್ತಾನೆ ಎನ್ನುವ ಹಾಗೆ ಕೈ ತಟ್ಟುತ್ತಿದ್ದಳು.

ಒಂದು ದಿನ ಯಾವುದೋ ಬೆಟ್ಟದ ದೇಶದ ಹೆಂಗಸರ ಗುಂಪು. ದನಿಗಳು ಒಂದಕ್ಕೊಂದು ಉಜ್ಜುತ್ತಿದ್ದವು, ಬಾವಿಯೊಳಗೆ ಎರಡು ಹಿತ್ತಾಳೆ ಕೊಡ ತಾಗಿದ ಹಾಗೆ. "ಒಬ್ಬಾಕಿ ತಪ್ಪ್ಯಾಳ ಅದ್ರಾಗ" ಎಂದೆ. "ತಪ್ಪಿಲ್ಲರಿ, ಅವ್ರು ಬೇಕಂತ ಹಂಗ ಹಾಡ್ತಾರ" ಎಂದರು. ನಮ್ಮಲ್ಲಿ ಹಾಗೆ ಹಾಡಿದ್ದರೆ ಸೋಬಾನೆಯಿಂದ ಎಬ್ಬಿಸಿ ಅಡುಗೆಮನೆಗೆ ಕಳಿಸುತ್ತಿದ್ದೆವು. ಮತ್ತೆ ಹಾಕಿ ಎಂದು ಹೇಳಿದೆ. ಅಷ್ಟೂ ಹೊತ್ತು ಆ ಉಜ್ಜುವಿಕೆ ನನ್ನ ಸುಟ್ಟ ಗಂಟಲಿನಲ್ಲೇ ಆದಂತಿತ್ತು, ಆದರೂ ಬೇಕೆನಿಸಿತು.

ಇನ್ನೊಂದು ದಿನ ಆಫ್ರಿಕಾದ್ದು. ಸಾಬರು ಬಾಯಿ ತೆರೆಯುವ ಮೊದಲೇ "ಇದು ಒನಕಿ" ಎಂದೆ. ಓದಿದರು. ಹೌದು, ಹೆಂಗಸರು ಕಾಳು ಕುಟ್ಟುವಾಗ ಹಾಡುವುದು. ಆ ಆಟದಲ್ಲಿ ನಾನು ಗೆದ್ದದ್ದು ಅದೊಂದೇ ಸಲ. ಅದು ಮದುವೆಯೂ ಅಲ್ಲ, ಸಾವೂ ಅಲ್ಲ, ತೊಟ್ಟಿಲೂ ಅಲ್ಲ, ಬರೀ ಕೆಲಸ.

ಸಮುದ್ರದ ದಂಡೆಯ ದೇಶವೊಂದರ ಹೆಂಗಸು ತಂತಿವಾದ್ಯದ ಜೊತೆ ಹಾಡಿದಳು. ಗಂಡ ಮೀನಿಗೆ ಹೋದವನು ಇನ್ನೂ ಬಂದಿಲ್ಲ ಎಂದು ಸಾಬರು ಓದಿದರು. "ಅಂದ್ರ ಸಾವು" ಎಂದೆ. "ಬರಬಹುದಲ್ರಿ ಅವ" ಎಂದರು. "ಬರೋನಾಗಿದ್ರ ಆಕಿ ಹಾಡ್ತಿರಲಿಲ್ಲ ಸಾಬ್ರ, ಅಡಗಿ ಮಾಡ್ತಿದ್ಲು."

ಕುದುರೆ ಕಾಯುವವರ ದೇಶದ ಒಬ್ಬ ಗಂಡಸು ಒಂದೇ ಗಂಟಲಿನಲ್ಲಿ ಎರಡು ದನಿ ತೆಗೆಯುತ್ತಿದ್ದ. ಕೆಳಗೆ ಹಿಟ್ಟಿನ ಗಿರಣಿ ಓಡಿದಂತೆ, ಅದೇ ಹೊತ್ತಿಗೆ ಮೇಲೆ ಕೊಳಲು ಊದಿದಂತೆ. ಹಿಂದೆ ಇನ್ನೊಬ್ಬ ಕುಳಿತಿರುತ್ತಾನೆ ಎಂದು ವಾದ ಮಾಡಿದೆ. ಸಾಬರು ಚಿತ್ರ ತೋರಿಸಿದರು. ಒಬ್ಬನೇ.

"ಅವಗ ಎರಡು, ನಮಗ ಒಂದೂ ಇಲ್ಲ. ದೇವ್ರ ಹಂಚಿಕಿ ನೋಡ್ರಿ" ಎಂದೆ. ಸಾಬರು ನಕ್ಕರು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಒಳಗಿನಿಂದ ನರ್ಸು ಬಂದು ಇಬ್ಬರನ್ನೂ ಬೈದಳು. ಆದರೂ ಮರುದಿನ ಆಕೆಯೇ ಬಾಗಿಲಲ್ಲಿ ನಿಂತು, "ಇವತ್ತು ಯಾವ್ ದೇಶ ಅಜ್ಜಾ?" ಎಂದು ಕೇಳಿದಳು.

ಮಂಜು ಬೀಳುವ ಊರಿನ ಒಬ್ಬ ಮುದುಕಿಯದನ್ನು ಮಾತ್ರ ನಾನು ಮರೆಯಲಾರೆ. ವಾದ್ಯವಿಲ್ಲ, ಜೊತೆಯಿಲ್ಲ. ಉಸಿರು ಎಳೆದು, ಮೇಲಿಂದ ಕೆಳಕ್ಕೆ ಇಳಿಸಿ, ಕೊನೆಯಲ್ಲಿ ಬಿಕ್ಕಿ, ಮತ್ತೆ ಮೇಲಿಂದ ಶುರು. ಅದು ನನ್ನದೇ ರಾಗ. ನನ್ನ ಅಕ್ಕನ ರಾಗ. "ಸಾಬ್ರ, ಇದು ಸಾವು. ಇದ್ರಾಗ ಪಂದ್ಯ ಬ್ಯಾಡ" ಎಂದೆ. ಅವರು ಓದಿದರು. ಅದು ಮದುವೆಯದಂತೆ. ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಲ್ಲಿ ಹೀಗೆ ಅಳುತ್ತಾರಂತೆ. ಸಾವಿನಲ್ಲೂ ಇದೇ ರಾಗವಂತೆ. ಆಂಧ್ರದ ಹೆಂಗಸು ಗೆದ್ದೆ ಎಂದು ತಟ್ಟಲು ಎತ್ತಿದ ಕೈಗಳನ್ನು ಇಳಿಸಿದಳು.

"ನಮ್ಮಾಗ ಸತ್ತವ್ರ ಮುಂದ ಇಷ್ಟ ಗಟ್ಟಿ ಅಳಬಾರ್ದು ಅಂತಾರ್ರಿ" ಎಂದರು ಸಾಬರು. "ನಾ ಹೋದ್ರ ನೀವ ಬಂದು ಅಳ್ರಿ ಅಕ್ಕಾರ, ಹಿಂಗ."

"ದನಿ ಬರ್ಲಿ ತಡೀರಿ."

"ಅಂದ್ರ ನಿಮ್ಮ ದನಿ ಬರೋಮಟ ನಾ ಸಾಯಂಗಿಲ್ಲಂತಾತು. ಒಳ್ಳೇದಾತು ಬಿಡ್ರಿ."

ಹಾಡು ಕೇಳಿದ್ದರಿಂದ ಯಾರ ಗಡ್ಡೆಯೂ ಕರಗಲಿಲ್ಲ. ವಾರಗಳು ಕಳೆದಂತೆ ಕುತ್ತಿಗೆಯ ತೊಗಲು ಕಪ್ಪಾಗಿ ಸುಲಿಯಿತು. ರೊಟ್ಟಿ ಹೋಯಿತು, ಅನ್ನ ಹೋಯಿತು, ಗಂಜಿಯೂ ಹೋಯಿತು. ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿದರು. ಶಾರದಾ ಸಿರಿಂಜಿನಲ್ಲಿ ರಾಗಿ ನೀರು ಬಿಡುವಾಗ ಎಲ್ಲಿಯೋ ಬೇರೆಡೆ ನೋಡುತ್ತಿದ್ದಳು. ನನಗೂ ಸಾಬರಿಗೂ ಮಾತು ನಿಂತಿತು. ಆಟ ನಿಲ್ಲಲಿಲ್ಲ. ಒಂದು ಬೆರಳು ಎಂದರೆ ಮದುವೆ, ಎರಡು ಎಂದರೆ ಸಾವು, ಮೂರು ಎಂದರೆ ತೊಟ್ಟಿಲು. ನಾನು ಎರಡೇ ಬೆರಳು ಎತ್ತುತ್ತಿದ್ದೆ. ಆಂಧ್ರದ ಹೆಂಗಸು ಒಂದು ಸೋಮವಾರ ಬರಲಿಲ್ಲ, ಆಮೇಲೂ ಬರಲಿಲ್ಲ.

ಸಾಬರ ಸರದಿ ನನಗಿಂತ ಮೊದಲು ಮುಗಿಯಿತು. ಕೊನೆಯ ದಿನ ಅವರು ನನಗೊಂದು ಸಣ್ಣ ಹಾಡಿನ ಪೆಟ್ಟಿಗೆ ಕೊಟ್ಟರು, ಮೆಮೊರಿ ಚಿಪ್ಪು ಹಾಕಿ ಗುಂಡಿ ಒತ್ತಿದರೆ ಹಾಡುವಂಥದ್ದು. ನಾವು ಕೇಳಿದ್ದನ್ನೆಲ್ಲ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ಅದಕ್ಕೆ ತುಂಬಿಸಿದ್ದರು. ಕೈಯಿಂದ ಆಕಾಶದಷ್ಟು ದೊಡ್ಡ ಸುತ್ತು ತೋರಿಸಿ, ಪೆಟ್ಟಿಗೆಯ ಮೇಲೆ ಬೆರಳಿಟ್ಟರು. ದುನಿಯಾ ಇದರಲ್ಲಿ ಇದೆ ಎಂದು. ನಾನು ಕೈ ಮುಗಿದೆ.

ನನ್ನ ದನಿ ಬರಬಹುದೆಂದು ಬೇಸಿಗೆ ಮುಗಿಯುವ ತನಕ ಕಾದೆವು. ಬಂದದ್ದು ಗಡ್ಡೆ. ಈ ಸಲ ಡಾಕ್ಟರು ನೋಡೋಣ ಎನ್ನಲಿಲ್ಲ. ಗಂಟಲಿನ ಪೆಟ್ಟಿಗೆ ಪೂರ್ತಿ ತೆಗೆಯಬೇಕು, ದನಿ ಬರುವುದಿಲ್ಲ, ಜೀವ ಉಳಿಯಬಹುದು ಎಂದರು. ಬೇಡ ಎಂದು ತಲೆಯಾಡಿಸಿದೆ. ಆಗ ಮಗ ಮೊದಲ ಸಲ ನನ್ನ ಮೇಲೆ ಸಿಟ್ಟಾದ. "ಬ್ಯಾರೆದವ್ರ ಹೆಣದ ಮುಂದ ಹಾಡಾಕ ನಿನಗ ದನಿ ಬೇಕು. ನಮಗ ನೀ ಬೇಕು" ಎಂದ. ಅವನಿಗೆ ಅಕ್ಕನ ಮಾತು ಗೊತ್ತಿರಲಿಲ್ಲ. ಹೇಳಲು ನನಗೂ ದನಿ ಇರಲಿಲ್ಲ. ಕೊನೆಗೆ ಒಪ್ಪಿದೆ. ಹೆಬ್ಬೆಟ್ಟು ಒತ್ತುವುದು ಬೇಡ, ಸಹಿ ಮಾಡುತ್ತೇನೆ ಎಂದು ಸನ್ನೆ ಮಾಡಿ ಪೆನ್ನು ಇಸಿದುಕೊಂಡೆ.

ಆಪರೇಷನ್ ಆದ ಮೇಲೆ ಒಂದು ಯಂತ್ರ ತೋರಿಸಿದರು. ಕುತ್ತಿಗೆಗೆ ಒತ್ತಿ ಹಿಡಿದು ಬಾಯಿ ಆಡಿಸಿದರೆ ಮಾತು ಬರುತ್ತದೆ. ಹುಲಿಗೆಮ್ಮ ಎಂದು ನನ್ನ ಹೆಸರು ಹೇಳಿದೆ. ಬೋರ್‌ವೆಲ್ಲಿನ ಒಳಗಿನಿಂದ ಯಾರೋ ಕರೆದಂತೆ ಬಂತು. ರಾಗ ಎಳೆದು ನೋಡಿದೆ. ಏರಲಿಲ್ಲ, ಇಳಿಯಲಿಲ್ಲ, ಒಂದೇ ಸಮ ಗುಂಯ್ ಎಂದಿತು. ಉಳಿದವರಿಗೆ ಅದು ಉಪಯೋಗವಾಗುತ್ತದೆ, ತೆಗೆದುಕೊಳ್ಳಿ, ನಾಚಬೇಡಿ. ನಾನು ಮಾತ್ರ ವಾಪಸು ಕೊಟ್ಟೆ.

ನಡೆದಾಡುವಷ್ಟು ಆದ ಮೇಲೆ ಕೆಂಚನಗುಡ್ಡಕ್ಕೆ ಹೊರಟೆ. ಅಕ್ಕ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ದಾರಿಯಲ್ಲಿ ಸಿರುಗುಪ್ಪದಲ್ಲಿ ಇಳಿದು ಶಾರದಾ ಜೊತೆ ಬ್ಯಾಂಡಿನವರ ಓಣಿ ಹುಡುಕಿದೆವು. ಸಾಬರ ಮನೆಯಲ್ಲಿ ಅವರ ಹೆಂಡತಿ ಬಾಗಿಲು ತೆಗೆದಳು. ನನ್ನ ಕುತ್ತಿಗೆಯ ತೂತಿಗೆ ಕಟ್ಟಿದ ಬಟ್ಟೆ ನೋಡಿದ ಕೂಡಲೇ ಯಾರೆಂದು ತಿಳಿಯಿತು ಅವಳಿಗೆ.

"ಕುರುಗೋಡು ಅಕ್ಕಾರು ಅಲ್ಲೇನ್ರಿ? ಭಾಳ ಹೇಳ್ತಿದ್ರು ನಿಮ್ದು. ಹೋದ್ರು ಅವ್ರು, ರಂಜಾನ್ ಮುಗದ ಮ್ಯಾಗ."

ಚಹಾ ಕೊಟ್ಟಳು. ನನಗೆ ಮೂಗಿನಲ್ಲಿ ಉಸಿರಿಲ್ಲ, ಆದ್ದರಿಂದ ವಾಸನೆಯಿಲ್ಲ. ಬಿಸಿನೀರು ಕುಡಿದಂತಿತ್ತು. ಗೋಡೆಯ ಮೇಲೆ ಕ್ಲಾರಿನೆಟ್ಟಿನ ಪೆಟ್ಟಿಗೆ ನೇತುಹಾಕಿದ್ದರು. ಅಳಲು ಬಾ ಎಂದಿದ್ದರು ಸಾಬರು. ಬಂದಿದ್ದೇನೆ. ಸ್ಲೇಟಿನಲ್ಲಿ "ಒಳ್ಳೆಯ ಮನುಷ್ಯ" ಎಂದು ಬರೆದೆ. ಅವಳಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಶಾರದಾ ಓದಿ ಹೇಳಿದಳು. ಅದು ಶಾರದಾಳ ದನಿಯಲ್ಲಿ ಬಸ್ಸಿನ ಬೋರ್ಡು ಓದಿದ ಹಾಗಿತ್ತು.

ಕೆಂಚನಗುಡ್ಡದಲ್ಲಿ ಅಕ್ಕ ಪಡಸಾಲೆಯಲ್ಲಿ ಮಲಗಿದ್ದಳು. ಮೈ ಕರಗಿತ್ತು. ಬಾಯಿ ಕರಗಿರಲಿಲ್ಲ.

"ಬಂದೇನ ಮೂಗಿ? ಬಾ. ಜಗಳಾಡಾಕ ಯಾರೂ ಇರ್ಲಿಲ್ಲ ನನಗ. ನೀನೂ ಈಗ ಉಪಯೋಗ ಇಲ್ಲ."

ಅವಳ ತಲೆದಿಂಬಿನ ಹತ್ತಿರ ಕುಳಿತೆ. ಸ್ಲೇಟಿನಲ್ಲಿ ಬರೆದದ್ದನ್ನು ಶಾರದಾ ಓದಿದಳು: "ನಿನಗೆ ಹಾಡಲು ನನ್ನಿಂದ ಆಗುವುದಿಲ್ಲ. ಇದರಲ್ಲಿ ಲೋಕದ ಹೆಂಗಸರೆಲ್ಲ ಹಾಡಿದ್ದಾರೆ. ಯಾವುದು ಬೇಕು ಆರಿಸು. ಆ ದಿನ ಅದನ್ನು ಹಾಕುತ್ತೇನೆ."

ಪೆಟ್ಟಿಗೆಯ ಗುಂಡಿ ಒತ್ತಿದೆ. ಬೆಟ್ಟದ ಹೆಂಗಸರನ್ನು ಕೇಳಿ, "ಇವ್ರೇನು ನಾಟಿ ಹಚ್ಚಾಕ ಹೊಂಟಾರೇನು, ಕೂಗ್ತಾರ" ಎಂದಳು. ಸಮುದ್ರದವಳನ್ನು ಕೇಳಿ, "ಪಾಪ, ಒಬ್ಬಾಕಿನ ಅದಾಳ" ಎಂದಳು. ಆಮೇಲೆ ಮಂಜಿನ ಊರಿನ ಮುದುಕಿಯ ಹಾಡು ಬಂತು. ಕಣ್ಣು ಸೂರಿನ ಕಡೆ ಇಟ್ಟು ಪೂರ್ತಿ ಕೇಳಿದಳು. ಮತ್ತೊಮ್ಮೆ ಹಾಕು ಎಂದಳು. ಹಾಕಿದೆ. ಮುಗಿದ ಮೇಲೆ ಕೇಳಿದಳು:

"ಭಾಳ ಚೊಲೋ ಅತ್ತಾಳ. ಯಾರ ಹೆಸ್ರು ಹಿಡದಾಳ?"

ನಾನು ಪೆಟ್ಟಿಗೆಯನ್ನು ಅವಳ ಕಿವಿಯ ಹತ್ತಿರ ಹಿಡಿದೆ.

"ಇಷ್ಟ ಮಂದಿ ಅತ್ತಾರ, ಒಬ್ರರ ಈರಮ್ಮ ಅಂದಾರೇನು? ನಮ್ಮಪ್ಪನ ಹೆಸ್ರು ಅಂದಾರೇನು? ಈ ಹೊಳಿ ಹೆಸ್ರು? ಇದನ್ನ ಹಾಕಿ ನನ್ನ ಎತ್ತಿದ್ರ, ನಾ ಯಾರ ಹೆಣ ಅಂತ ಹೋಗ್ಲಿ? ತಗದು ಚೀಲಕ್ಕ ಹಾಕ್ಯ."

ಪೆಟ್ಟಿಗೆ ಬಂದ್ ಮಾಡಿದೆ. ಅಕ್ಕ ನನ್ನ ಕುತ್ತಿಗೆಯ ಬಟ್ಟೆ ಎತ್ತಿ ತೂತನ್ನು ನೋಡಿದಳು. ಮಕ್ಕಳೂ ಅದನ್ನು ಹಾಗೆ ನೋಡಿರಲಿಲ್ಲ. ಬಟ್ಟೆ ಬಿಟ್ಟಳು. ಮಲಗಿದಲ್ಲೇ ನನ್ನ ಕೈ ಹಿಡಿದಳು, ಉಸಿರು ಎಳೆದಳು, ಎತ್ತಿದಳು.

"ಹೊಳಿಯಾಚಿ ದಂಡ್ಯಾಗ ಹರಿಗೋಲ ಕರೆದಾಕಿ… ನನ ತಂಗಿ ಹುಲಿಗೆವ್ವಾ…
ಒಂದs ಕೂಗೀಗಿ ಅಂಬಿಗ ಬರತಿದ್ದ… ನನ ತಂಗಿ…
ಸುಟ್ಟವರ ಯಾರs ನಿನ ದನಿಯ… ಕೊಯ್ದವರ ಯಾರs ನಿನ ಕೊರಳ…"

ಇದ್ದವರ ಮುಂದೆ ಸಾವಿನ ಹಾಡು ಎತ್ತಬಾರದು. ಹಾಗೆ ಎತ್ತಿದರೆ ಅವರ ಆಯುಷ್ಯ ತೀರುತ್ತದೆ ಎಂದು ನಮ್ಮ ಕಡೆ ಹುಡುಗಿಯರಿಗೂ ಗೊತ್ತು. ಅಕ್ಕನ ಸೊಸೆ ಕೈಯ ಹಿಟ್ಟಿನೊಂದಿಗೇ ಓಡಿ ಬಂದಳು. "ಅತ್ತೀ! ಬುದ್ಧಿ ಐತೇನ್ರಿ? ಜೀವಂತ ಕುಂತಾರಲ್ರಿ ಚಿಗವ್ವ!"

"ಕುಂತಾಳ, ನನಗೂ ಕಾಣತೈತಿ. ನಾ ಮೊದ್ಲು ಹೋಗಾಕಿ. ಆಮ್ಯಾಲೆ ಈಕಿಗೆ ಯಾರು ಹಾಡ್ತಾರ, ನೀ ಹಾಡ್ತೀಯೇನು? ಸುಮ್ಕ ಹೋಗು."

ಪೂರ್ತಿ ಹಾಡಿದಳು. ನಾವು ಸಸಿ ಕಿತ್ತದ್ದು, ಅಪ್ಪ ಹೊಡೆದದ್ದು, ನಾನು ಕುರುಗೋಡಿಗೆ ಹೊರಟ ದಿನ ಗಾಡಿ ಹಿಂದೆ ಅವಳು ಓಡಿದ್ದು, ಕೊನೆಗೆ ಬಳ್ಳಾರಿಯ ಆಸ್ಪತ್ರೆ, ಮೂಗಿನ ನಳಿಗೆ, ಸ್ಲೇಟು. ಒಂದನ್ನೂ ಬಿಡಲಿಲ್ಲ. ನನ್ನ ಸಾವಿನ ಹಾಡನ್ನು ನಾನು ಕೂತು ಕೇಳಿದೆ. ತಪ್ಪು ಹುಡುಕಿದೆ, ಸಿಗಲಿಲ್ಲ.

ಅಕ್ಕ ಹೋದದ್ದು ಆ ವರ್ಷ ಭತ್ತ ಕೊಯ್ಯುವ ಹೊತ್ತಿಗೆ. ಸಿರುಗುಪ್ಪದಲ್ಲಿ ಹಸಿರು ಸೀರೆ ಕೊಂಡು ಹೋದೆ. ತವರಿನ ಸೀರೆ ಬಂತು ಎಂದು ದಾರಿ ಬಿಟ್ಟರು. ಸೊಸೆಯೂ ನಾನೂ ಸೇರಿ ಹೊದಿಸಿದೆವು. ಹೆಂಗಸರೆಲ್ಲ ಅಳು ನಿಲ್ಲಿಸಿ ನನ್ನ ಮುಖ ನೋಡಿದರು. ಮೊದಲ ನುಡಿ ನನ್ನದು.

ಶಾರದಾ ಚೀಲಕ್ಕೆ ಕೈ ಹಾಕಿ ಪೆಟ್ಟಿಗೆ ಹೊರಗೆ ತೆಗೆದು ನನ್ನ ಕಡೆ ನೋಡಿದಳು. ಬೇಡ ಎಂದು ತಲೆಯಾಡಿಸಿದೆ. ಅದರಲ್ಲಿ ಲೋಕವೆಲ್ಲ ಇದೆ, ಈರಮ್ಮ ಇಲ್ಲ.

ಬಾಯಿ ತೆರೆದೆ. ಮಾತುಗಳೆಲ್ಲ ಇದ್ದವು, ಸಾಲಾಗಿ, ಹೆಸರು ಹಿಡಿದು. ಉಸಿರು ಬಾಯಿಗೆ ಬರಲಿಲ್ಲ. ಕುತ್ತಿಗೆಯ ತೂತಿನಲ್ಲಿ ಉಸ್ಸೆಂದು ಹೋಯಿತು, ಮೇಲಿನ ಬಟ್ಟೆ ಅಲುಗಿತು. ಮತ್ತೆ ತೆರೆದೆ. ಮತ್ತೆ ಬಟ್ಟೆ ಅಲುಗಿತು. ಎಷ್ಟೋ ಹೊತ್ತು ಕಾದರು. ಹಿಂದಿನ ಸಾಲಿನಲ್ಲಿ ಮೋಕದ ನಾದಿನಿಯ ಓರಗಿತ್ತಿ ಇದ್ದಳು, ನನ್ನ ಆಪರೇಷನ್ನಿನ ಸುದ್ದಿ ಅವಳಿಗೆ ಮುಟ್ಟಿರಲಿಲ್ಲ.

"ಬ್ಯಾರೆದವ್ರಿಗೆ ಅಷ್ಟ ಅಳಾಕಿ, ಒಡಹುಟ್ಟಿದಾಕಿಗೆ ಒಂದ ನುಡಿ ಬರ್ಲಿಲ್ಲ ನೋಡವ್ವಾ" ಎಂದಳು.

ಶಾರದಾ ತಿರುಗಿ ಏನೋ ಹೇಳಲು ಹೊರಟಳು. ಅವಳ ಕೈ ಹಿಡಿದು ಕೂರಿಸಿದೆ. ಹೊತ್ತು ಮುಳುಗುತ್ತದೆ ಎಂದು ಗಂಡಸರು ಅವಸರ ಮಾಡಿದರು. ಎತ್ತಿದರು.

ಈಗ ಕುರುಗೋಡಿನಲ್ಲಿ ಮಗನ ಮನೆಯಲ್ಲಿದ್ದೇನೆ. ಮಧ್ಯಾಹ್ನ ಪೆಟ್ಟಿಗೆ ಹಾಕಿಕೊಂಡು ಕೂರುತ್ತೇನೆ. ಟರ್ಕಿಯವನು ಊದುತ್ತಾನೆ, ಕುದುರೆಯವನು ಎರಡು ದನಿಯಲ್ಲಿ ಹಾಡುತ್ತಾನೆ, ಒನಕೆಗಳು ಬೀಳುತ್ತವೆ. ಎಲ್ಲದಕ್ಕೂ ಎರಡು ಬೆರಳು ಎತ್ತುತ್ತೇನೆ. ತಪ್ಪೆಂದು ಹೇಳುವವರು ಯಾರೂ ಇಲ್ಲ. ಮುಂದಿನ ಪರೀಕ್ಷೆಗೆ ಬಳ್ಳಾರಿಗೆ ಕರೆದಿದ್ದಾರೆ. ಮತ್ತೆ ಬಂದಿದೆಯೋ ಇಲ್ಲವೋ ಅಲ್ಲಿ ಹೇಳುತ್ತಾರೆ. ಅದಕ್ಕೆ ನನಗೆ ಹೆದರಿಕೆಯಿಲ್ಲ. ನನ್ನ ಹಾಡು ಆಗಿದೆ, ನಾನೇ ಕಿವಿಯಾರೆ ಕೇಳಿದ್ದೇನೆ.

ಅವಳದು ಆಗಲಿಲ್ಲ.